ಪೊನ್ನಿಯಿನ್ ಸೆಲ್ವನ್–2: ಕಾದಂಬರಿಯೂ ಚಿತ್ರವೂ

ಪೊನ್ನಿಯಿನ್ ಸೆಲ್ವನ್–2 ಮಣಿರತ್ನಂ ನಿರ್ದೇಶನದ ತಮಿಳು ಚಲನಚಿತ್ರ. 2023ರ ಏಪ್ರಿಲ್ 28ರಂದು ತಮಿಳಿನ ಜೊತೆಗೆ ಕನ್ನಡ, ತೆಲುಗು, ಮಲಯಾಳಂ, ಹಿಂದಿ ಅವತರಣಿಕೆಗಳಲ್ಲೂ ಬಿಡುಗಡೆಯಾಯಿತು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಮೊದಲ ಭಾಗ ನಡುಗಡಲಿನಲ್ಲಿ ಬಿಟ್ಟುಹೋಗಿದ್ದ ಕಥೆಯನ್ನು ಇದು ದಡ ಸೇರಿಸುತ್ತದೆ. ಚಿತ್ರಕಥೆ ಮಣಿರತ್ನಂ, ಇಳಂಗೋ ಕುಮಾರವೇಲ್ ಮತ್ತು ಬಿ. ಜೆಯಮೋಹನ್ ಅವರದು; ಸಂಗೀತ ಎ.ಆರ್. ರೆಹಮಾನ್, ಛಾಯಾಗ್ರಹಣ ರವಿವರ್ಮನ್. ಎರಡೂ ಭಾಗಗಳಿಗೆ ಮೂಲ ಕಲ್ಕಿ ರಾ. ಕೃಷ್ಣಮೂರ್ತಿ (1899–1954) ಬರೆದ ಅದೇ ಹೆಸರಿನ ಕಾದಂಬರಿ. ಹತ್ತನೆಯ ಶತಮಾನದ ಚೋಳ ಅರಮನೆ, ಆಕಾಶದಲ್ಲಿ ಕೇಡು ಸೂಚಿಸುವ ಧೂಮಕೇತು, ನಡುರಾತ್ರಿ ರಾಜನ ಕಣ್ಣಿಗೆ ಕಾಣುವ ಸತ್ತ ಹೆಣ್ಣು, ಕತ್ತರಿಸಿದ ತಲೆಯೊಡನೆ ಮಾತಾಡುವ ರಾಣಿ ಇವೆಲ್ಲ ಬೆರೆತ ಈ ಕೃತಿ ಇತಿಹಾಸಕ್ಕೂ ಅದ್ಭುತಕಥೆಗೂ ನಡುವಿನ ಗಡಿಯಲ್ಲಿ ನಿಂತಿದೆ. ಮೂಲವನ್ನು ಚಿತ್ರ ಎಷ್ಟು ಪಾಲಿಸಿತು ಎಂಬ ಚರ್ಚೆ ಸಾಮಾನ್ಯವಾಗಿ ಕೈಬಿಟ್ಟ ಪಾತ್ರಗಳ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಆದರೆ ಎರಡನೆಯ ಭಾಗ ಕಾದಂಬರಿಯಿಂದ ದೂರ ಸರಿದದ್ದು ಬಿಟ್ಟದ್ದರಿಂದ ಆದುದಕ್ಕಿಂತ ತೀರ್ಮಾನ ಕೊಟ್ಟದ್ದರಿಂದ ಆದದ್ದೇ ಹೆಚ್ಚು. ಕಲ್ಕಿ ಬೇಕೆಂದೇ ತೆರೆದಿಟ್ಟ ಪ್ರಶ್ನೆಗಳನ್ನು ಚಿತ್ರ ಒಂದೊಂದಾಗಿ ಮುಚ್ಚುತ್ತದೆ. ಹಾಗೆ ಮುಚ್ಚಿದ ಮೇಲೆ ಕಥೆಗೆ ಹೊರಗಿನಿಂದ ಒಬ್ಬ ಶತ್ರು ಬೇಕಾಗುತ್ತಾನೆ. ಆ ಶತ್ರು ಮಾನ್ಯಖೇಟದ ರಾಷ್ಟ್ರಕೂಟ.

ಕಾದಂಬರಿ ಮೊದಲು ಹೊರಬಂದದ್ದು 'ಕಲ್ಕಿ' ವಾರಪತ್ರಿಕೆಯ ಧಾರಾವಾಹಿಯಾಗಿ, 1950ರ ಅಕ್ಟೋಬರ್‌ನಿಂದ 1954ರ ಮೇ ತಿಂಗಳವರೆಗೆ. ಮಣಿಯಂ ಬರೆದ ಚಿತ್ರಗಳು ಪಾತ್ರಗಳಿಗೆ ಮುಖ ಕೊಟ್ಟವು. ಸೇಡಿನ ರಾಣಿ ನಂದಿನಿಯ ಕೊಂಡೆ, ಚೋಳರ ದೂತ ವಂದಿಯದೇವನ ಕುದುರೆ ಹೇಗಿರಬೇಕೆಂದು ತಮಿಳು ಓದುಗರ ಮನಸ್ಸಿನಲ್ಲಿ ಸಿನಿಮಾಕ್ಕೆ ಏಳು ದಶಕ ಮೊದಲೇ ನಿರ್ಧಾರವಾಗಿತ್ತು. ಪತ್ರಿಕೆಯ ಹುಟ್ಟಿನಲ್ಲೇ ಸಿನಿಮಾದ ನಂಟಿದೆ. 1941ರಲ್ಲಿ ಟಿ. ಸದಾಶಿವಂ ಜೊತೆ ಕೃಷ್ಣಮೂರ್ತಿ ಪತ್ರಿಕೆ ಆರಂಭಿಸಿದಾಗ, ಎಂ.ಎಸ್. ಸುಬ್ಬುಲಕ್ಷ್ಮಿ 'ಸಾವಿತ್ರಿ' ಚಿತ್ರದಲ್ಲಿ ನಟಿಸಿ ಪಡೆದ ಹಣವೇ ಅದಕ್ಕೆ ಬಂಡವಾಳವಾಯಿತು. ಹೊಸೂರು ಸೀಮೆಯ ನಂಟೂ ಇದೆ. ಕೃಷ್ಣಮೂರ್ತಿಯವರನ್ನು ಪತ್ರಕರ್ತನಾಗಿ ಬೆಳೆಸಿದವರಲ್ಲಿ ಮುಖ್ಯರು ಸಿ. ರಾಜಗೋಪಾಲಾಚಾರಿ, ಅವರು 1878ರಲ್ಲಿ ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ತಿರುಚೆಂಗೋಡು ಬಳಿಯ ಗಾಂಧಿ ಆಶ್ರಮದಿಂದ ರಾಜಾಜಿ ಹೊರಡಿಸುತ್ತಿದ್ದ ಮದ್ಯವಿರೋಧಿ ಪತ್ರಿಕೆ 'ವಿಮೋಚನಂ'ನಲ್ಲಿ ಕಲ್ಕಿ ದುಡಿದಿದ್ದರು. ಆ ಕಾಲಕ್ಕೆ ಹೊಸೂರು, ತಿರುಚೆಂಗೋಡು ಎರಡೂ ಒಂದೇ ಸೇಲಂ ಜಿಲ್ಲೆಯವು. ಕಾದಂಬರಿಯನ್ನು ತೆರೆಗೆ ತರುವ ಯತ್ನ ಎಂ.ಜಿ. ರಾಮಚಂದ್ರನ್ ಕಾಲದಿಂದಲೂ ನಡೆದಿತ್ತು. ಅದನ್ನು ಸಾಧಿಸಿದ ಮಣಿರತ್ನಂ ನಿರ್ದೇಶಕನಾಗಿ ಕಾಲಿಟ್ಟದ್ದು 1983ರ ಕನ್ನಡ ಚಿತ್ರ 'ಪಲ್ಲವಿ ಅನುಪಲ್ಲವಿ'ಯಿಂದ.

ಕೆಲಮಂಗಲದಂಥ ಊರಿನಲ್ಲಿ ಈ ಹೋಲಿಕೆಗೆ ಬೇರೆಯೇ ತೂಕ ಬರುತ್ತದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿನ ಈ ಪಟ್ಟಣದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಸಂತೆಯಲ್ಲಿ ಒಂದು ಮಾತಿನಲ್ಲಿ ಶುರುವಾದ ಚೌಕಾಸಿ ಇನ್ನೊಂದರಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ ಮನೆಗಳ ಮಕ್ಕಳೂ ಶಾಲೆಯಲ್ಲಿ ತಮಿಳು ಓದಲೇಬೇಕು. ಹಾಗಾಗಿ ಕಲ್ಕಿಯ ಮೂಲವನ್ನೇ ಓದಬಲ್ಲ, ಚಿತ್ರವನ್ನು ಡಬ್ಬಿಂಗ್ ಇಲ್ಲದೆ ನೋಡಬಲ್ಲ ಕನ್ನಡಿಗರು ಕರ್ನಾಟಕದ ಒಳಗಿಗಿಂತ ಈ ಅಂಚಿನಲ್ಲಿ ಸಹಜವಾಗಿ ಸಿಗುತ್ತಾರೆ. ನೆಲದ ಚರಿತ್ರೆಯೂ ಹಾಗೆಯೇ ಬೆರಕೆಯದು. ಗಂಗರು, ನೊಳಂಬರು, ಚೋಳರು, ಹೊಯ್ಸಳರು ಈ ಸೀಮೆಯನ್ನು ಒಬ್ಬರಾದ ಮೇಲೊಬ್ಬರು ಆಳಿದ್ದಾರೆ; ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹೊಲಗಳಲ್ಲಿ, ಕೆರೆ ಏರಿಗಳಲ್ಲಿ ನಿಂತ ವೀರಗಲ್ಲುಗಳು ದನ ಕಾಯುತ್ತ ಸತ್ತವನ, ಊರು ಉಳಿಸಲು ಹೋಗಿ ಬಿದ್ದವನ ನೆನಪಿಗೆ ನಿಂತಂಥವು. ಕಾದಂಬರಿಯ ಕಥಾನಾಯಕ ಅರುಳ್‌ಮೊಳಿವರ್ಮ ಮುಂದೆ ಮೊದಲನೆಯ ರಾಜರಾಜನಾಗಿ ಗಂಗವಾಡಿ, ನೊಳಂಬವಾಡಿಗಳನ್ನು ಗೆದ್ದ. ಅಂದರೆ ಚಿತ್ರದ ಕೊನೆಯಲ್ಲಿ ಎದುರುಬದುರಾಗುವ ಎರಡು ಪಡೆಗಳಲ್ಲಿ ಒಂದನ್ನು 'ನಮ್ಮವರು' ಎಂದು ಆರಿಸಿಕೊಳ್ಳುವುದು ಇಲ್ಲಿಯ ನೋಡುಗನಿಗೆ ಅಷ್ಟು ಸಲೀಸಲ್ಲ.

ಮೊದಲು ಗಾತ್ರದ ಲೆಕ್ಕ. ಕಾದಂಬರಿ 5 ಸಂಪುಟ, 293 ಅಧ್ಯಾಯ. ಮೊದಲ ಚಿತ್ರ ಹೆಚ್ಚುಕಡಿಮೆ ಎರಡನೆಯ ಸಂಪುಟದ ಕೊನೆಯ ಬಿರುಗಾಳಿಗೆ ನಿಲ್ಲುತ್ತದೆ. ಅಲ್ಲಿಗೆ 110 ಅಧ್ಯಾಯ ಮುಗಿದಿರುತ್ತವೆ. ಉಳಿದ ಮೂರು ಸಂಪುಟಗಳ 183 ಅಧ್ಯಾಯ ಎರಡನೆಯ ಚಿತ್ರದ ಪಾಲಿಗೆ ಬರುತ್ತವೆ. ಕೊನೆಯ ಸಂಪುಟವೊಂದರಲ್ಲೇ 91 ಅಧ್ಯಾಯಗಳಿವೆ. ಎರಡೂ ಚಿತ್ರಗಳ ಉದ್ದ ಮಾತ್ರ ಹತ್ತಿರಹತ್ತಿರ ಒಂದೇ, ಸುಮಾರು ಎರಡೂ ಮುಕ್ಕಾಲು ಗಂಟೆ. ಮೊದಲ ಭಾಗ ನಿಧಾನವಾಗಿ ಊರೂರು ಸುತ್ತುತ್ತ ಪಾತ್ರ ಪರಿಚಯ ಮಾಡಿಕೊಡುತ್ತದೆ, ಎರಡನೆಯದು ಉಸಿರುಗಟ್ಟಿ ಓಡುತ್ತದೆ ಎಂಬ ದೂರಿಗೆ ಕಾರಣ ಈ ಹಂಚಿಕೆಯಲ್ಲೇ ಇದೆ. ಕಡಂಬೂರಿನ ಸರದಾರನ ಮಗಳು ಮಣಿಮೇಕಲೆ ಪೂರ್ತಿ ಮರೆಯಾಗಿದ್ದಾಳೆ. ವಂದಿಯದೇವನ ಮೇಲಿನ ಒಲವಿನಲ್ಲಿ ಬುದ್ಧಿ ಕಳೆದುಕೊಂಡು ಅವನ ಮಡಿಲಲ್ಲೇ ಸಾಯುವ ಈ ಹುಡುಗಿಯಿಂದ ಕಾದಂಬರಿಯ ಕೊನೆಯ ಪುಟಗಳು ತೇವಗೊಂಡಿವೆ. ಸೇಂದನ್ ಅಮುದನ್ ಹೆಸರಿಗೆ ಉಳಿದಿದ್ದಾನೆ. ಇಷ್ಟು ದೊಡ್ಡ ಕೃತಿಯಲ್ಲಿ ಇಂಥ ಕತ್ತರಿ ಅನಿವಾರ್ಯ, ಅದನ್ನೇ ಹಿಡಿದು ಜಗ್ಗುವುದರಲ್ಲಿ ಅರ್ಥವಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ 'ನಾಗರಹಾವು' ಆಗಿ ಹೆಣೆದಾಗ ಮೂಲ ಲೇಖಕರಿಗೆ ಸಮಾಧಾನವಾಗಲಿಲ್ಲವೆಂಬುದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ರಾಮಾಚಾರಿ ತೆರೆಯ ಮೇಲೆ ತನ್ನ ಕಾಲ ಮೇಲೇ ನಿಂತ.

ಕತ್ತರಿಯಿಂದ ಲಾಭವಾದ ಕಡೆಯೂ ಇದೆ. ಎರಡನೆಯ ಚಿತ್ರ ತೆರೆದುಕೊಳ್ಳುವುದು ಅರುಳ್‌ಮೊಳಿಯ ಅಣ್ಣ, ಹುಡುಗ ಕರಿಕಾಲ ಮತ್ತು ಹುಡುಗಿ ನಂದಿನಿಯ ಒಲವಿನಿಂದ. ಕಲ್ಕಿಯಲ್ಲಿ ಈ ಹಿಂದಿನ ಕಥೆ ಬರುವುದು ಪಾತ್ರಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತುಗಳಲ್ಲಿ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಣ್ಣ ಪಡೆದು. ಚಿತ್ರ ಅದನ್ನು ಹೆಚ್ಚು ಮಾತಿಲ್ಲದೆ ಕಣ್ಣೆದುರು ಇಡುತ್ತದೆ, ಆದ್ದರಿಂದ ಮುಂದೆ ವಿಕ್ರಮ್ ಅಭಿನಯಿಸಿದ ಕರಿಕಾಲ ಕಡಂಬೂರಿನ ಆಹ್ವಾನಕ್ಕೆ ಓಗೊಡುವಾಗ ಅದು ರಾಜಕೀಯದ ಲೆಕ್ಕಾಚಾರ ಮಾತ್ರವಲ್ಲ ಎಂದು ನೋಡುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಂದಿನಿ ಮತ್ತು ಅವಳ ತಾಯಿ, ಮೂಗಿ ಮಂದಾಕಿನಿ ಎರಡೂ ಪಾತ್ರಗಳನ್ನು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅವರೇ ಮಾಡಿದ್ದಾರೆ. ಕಾದಂಬರಿಯಲ್ಲಿ ಈ ಹೋಲಿಕೆಯ ಗುಟ್ಟನ್ನು ಬಿಚ್ಚಲು ಕಲ್ಕಿಗೆ ನೂರಾರು ಪುಟ ಬೇಕಾಯಿತು. ಕರಿಕಾಲನ ತಂದೆ ಸುಂದರ ಚೋಳನ ಮನಸ್ಸನ್ನು ಕಾಡಲು ನಂದಿನಿ, ಅವನು ಸತ್ತಳೆಂದು ನಂಬಿದ ಮಂದಾಕಿನಿಯ ವೇಷದಲ್ಲಿ ನಡುರಾತ್ರಿ ಸುಳಿಯುವ ದೃಶ್ಯದ ಬೆರಗೆಲ್ಲ ಆ ಗುಟ್ಟಿನ ಮೇಲೆ ನಿಂತಿದೆ. ತೆರೆಯಲ್ಲಿ ಮುಖ ಕಂಡೊಡನೆ ಗುಟ್ಟು ಬಯಲು. ಬೆರಗು ಕಳೆಯಿತು, ಅದರ ಜಾಗದಲ್ಲಿ ತಾಯಿ–ಮಗಳ ಮುಖ ಒಂದೇ ಎಂಬ ಅಳಲು ಬಂತು. ಇದು ಒಳ್ಳೆಯ ವಿನಿಮಯ. ಸಂಚುಕೋರ ರವಿದಾಸನಾಗಿ ಕನ್ನಡದ ಕಿಶೋರ್, ಹಾಸಿಗೆ ಹಿಡಿದ ಸುಂದರ ಚೋಳನಾಗಿ ಪ್ರಕಾಶ್ ರಾಜ್ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ ಮಾತಿನಲ್ಲಿ ಹೆಚ್ಚು ದಾಟಿಸುತ್ತಾರೆ.

ಆದರೆ ಕಥೆಯ ನಡುಗಂಬ ಆದಿತ್ಯ ಕರಿಕಾಲನ ಕೊಲೆ. ಎರಡೂ ಕೃತಿಗಳು ನಿಜವಾಗಿ ಬೇರೆಯಾಗುವುದು ಅಲ್ಲಿ. ಇತಿಹಾಸದಲ್ಲಿ ಈ ಕೊಲೆಗೆ ಇರುವ ನೇರ ಸಾಕ್ಷಿ ಕಾಟ್ಟುಮನ್ನಾರ್‌ಕೋಯಿಲ್ ಬಳಿಯ ಉಡೈಯಾರ್‌ಗುಡಿ ಶಾಸನ. ರಾಜರಾಜನ ಆಳ್ವಿಕೆಯ ಎರಡನೆಯ ವರ್ಷದ ಆ ಬರಹ, ಪಾಂಡ್ಯನ ತಲೆ ತೆಗೆದ ಕರಿಕಾಲ ಚೋಳನನ್ನು ಕೊಂದ ದ್ರೋಹಿಗಳ ಆಸ್ತಿ ಮುಟ್ಟುಗೋಲಿನ ವಿಷಯದಲ್ಲಿ ಸೋಮನ್, ರವಿದಾಸನ್, ಪರಮೇಶ್ವರನ್ ಎಂಬವರನ್ನು ಹೆಸರಿಸುತ್ತದೆ. ಏಕೆ ಕೊಂದರು, ಯಾರು ಕೊಲ್ಲಿಸಿದರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೊಲೆ ನಡೆದು ಹದಿನೈದು ವರ್ಷದಷ್ಟು ಕಾಲ, ಅಂದರೆ ನಡುವೆ ಆಳಿದ ಉತ್ತಮ ಚೋಳನ ಆಡಳಿತದ ಉದ್ದಕ್ಕೂ, ಅವರಿಗೆ ಶಿಕ್ಷೆ ಏಕೆ ಆಗಿರಲಿಲ್ಲ ಎಂಬುದಕ್ಕೂ ಇಲ್ಲ. ಕಲ್ಕಿ ಈ ಮೌನವನ್ನೇ ಕಥೆಯ ಯಂತ್ರವಾಗಿ ಮಾಡಿಕೊಂಡರು. ಕಡಂಬೂರಿನ ಆ ಕೋಣೆಯಲ್ಲಿ ಅವರು ಒಬ್ಬ ಕೊಲೆಗಾರನನ್ನಲ್ಲ, ಹಲವರನ್ನು ತಂದು ನಿಲ್ಲಿಸುತ್ತಾರೆ. ಕರಿಕಾಲ ತಲೆ ತೆಗೆದ ಆ ವೀರಪಾಂಡ್ಯನ ಕತ್ತಿಯನ್ನು ಪೂಜಿಸುತ್ತ ಬಂದ ನಂದಿನಿ ಇದ್ದಾಳೆ. ಅವಿತುಕೊಂಡ ವಂದಿಯದೇವ ಇದ್ದಾನೆ. ಅವನಿಗಾಗಿ ಏನನ್ನೂ ಮಾಡಬಲ್ಲ ಮಣಿಮೇಕಲೆಯ ಕೈಯಲ್ಲೂ ಆಯುಧ. ಸಂಚುಕೋರ ರವಿದಾಸನ್ ಹೊಂಚುಹಾಕಿದ್ದಾನೆ. ಹೆಂಡತಿ ನಂದಿನಿಯ ನಿಜ ತಿಳಿದು ಕಾಳಾಮುಖನ ವೇಷದಲ್ಲಿ ಬಂದ ಪೆರಿಯ ಪಳುವೆಟ್ಟರೈಯರ್ ಇದ್ದಾನೆ. ಅಷ್ಟರಲ್ಲಿ ದೀಪ ಆರುತ್ತದೆ. ಕತ್ತಲಲ್ಲಿ ವಂದಿಯದೇವನ ಕುತ್ತಿಗೆಯನ್ನು ಉಕ್ಕಿನಂಥ ಕೈಯೊಂದು ಹಿಡಿಯುತ್ತದೆ, ಬೀಳುವ ಸದ್ದು ಕೇಳುತ್ತದೆ, ಬೆಳಕು ಬಂದಾಗ ರಾಜಕುಮಾರ ಹೆಣವಾಗಿದ್ದಾನೆ. ಆಮೇಲೆ ತಪ್ಪು ತನ್ನದೆಂದು ಹೇಳಿಕೊಳ್ಳುವವರು ಒಬ್ಬರಿಗಿಂತ ಹೆಚ್ಚು ಮಂದಿ. ನಂಬಬಹುದಾದ ಮಾತು ಯಾರದೂ ಅಲ್ಲ. ಕಾದಂಬರಿ ಮುಗಿದ ಮೇಲೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಮುಕ್ತಾಯದ ಮಾತು ಬರೆದಾಗಲೂ ಕಲ್ಕಿ ಈ ಗಂಟನ್ನು ಬಿಚ್ಚಲಿಲ್ಲ.

ಚಿತ್ರ ಈ ಕೋಣೆಯನ್ನು ಖಾಲಿ ಮಾಡಿ ಇಬ್ಬರನ್ನಷ್ಟೇ ಉಳಿಸುತ್ತದೆ. ಕರಿಕಾಲ ಮತ್ತು ನಂದಿನಿ ಎದುರೆದುರು ನಿಂತು ಬಾಕಿ ಉಳಿದ ಲೆಕ್ಕ ತೀರಿಸಿಕೊಳ್ಳುತ್ತಾರೆ. ಸಾವು ಅವರಿಬ್ಬರ ನಡುವಿನ ಸಂಗತಿಯಾಗುತ್ತದೆ. ದೃಶ್ಯವಾಗಿ ಇದು ಇಡೀ ಚಿತ್ರದ ಶಿಖರ, ಇಬ್ಬರ ನಟನೆಗೂ ಎರಡು ಮಾತಿಲ್ಲ. ಬದಲಾದದ್ದು ಕಥೆಯ ಜಾತಿ. ಕಾದಂಬರಿಯಲ್ಲಿ ಕೊಲೆ ಒಂದು ರಾಜ್ಯದ ಪ್ರಶ್ನೆ. ಯಾರು ಕೊಂದಿರಬಹುದೆಂಬ ಅನುಮಾನ ಪ್ರತಿ ಮನೆತನದ ಹೊಸ್ತಿಲಿಗೂ ಬಂದು ನಿಲ್ಲುತ್ತದೆ, ನಿರಪರಾಧಿ ವಂದಿಯದೇವ ಸೆರೆ ಸೇರುತ್ತಾನೆ, ಅವನನ್ನು ಬಿಡಿಸಿಕೊಳ್ಳುವುದೇ ಕೊನೆಯ ಸಂಪುಟದ ದೊಡ್ಡ ಕೆಲಸವಾಗುತ್ತದೆ. ಚಿತ್ರದಲ್ಲಿ ಅದು ಪ್ರೇಮದ ಮುಕ್ತಾಯ. ನಂದಿನಿಯ ಹುಟ್ಟಿನ ವಿಷಯವೂ ಹಾಗೆಯೇ. ಕಾದಂಬರಿಯಲ್ಲಿ ಅವಳು ಸುಂದರ ಚೋಳನ ಮಗಳು, ಆದ್ದರಿಂದ ಕರಿಕಾಲನಿಗೆ ಅಕ್ಕನೋ ತಂಗಿಯೋ ಆಗಬೇಕು ಎಂಬ ಅನುಮಾನವನ್ನು ಅವನ ತಂಗಿ ಕುಂದವೈಯೇ ಅಣ್ಣನಿಗೆ ಮುಟ್ಟಿಸುತ್ತಾಳೆ. ಆ ಅನುಮಾನದ ಭಾರ ಹೊತ್ತೇ ಅವನು ಕಡಂಬೂರಿಗೆ ಹೋಗುವುದು. ಅದು ನಿಜವೇ ಎಂದು ತಿಳಿಯುವ ಮೊದಲೇ ಅವನು ಸಾಯುತ್ತಾನೆ. ಚಿತ್ರ ಆ ಗಂಟನ್ನು ನೇರವಾಗಿ ಬಿಡಿಸಿ ಅವಳನ್ನು ವೀರಪಾಂಡ್ಯನ ಮಗಳಾಗಿಸುತ್ತದೆ. ಸ್ಪಷ್ಟತೆ ಬಂತು, ತಲ್ಲಣ ಹೋಯಿತು.

ಇದಕ್ಕಿಂತ ದೊಡ್ಡ ಬದಲಾವಣೆ, ಆದರೆ ಚರ್ಚೆಯಲ್ಲಿ ಕಡಿಮೆ ಬಂದದ್ದು, ಮುಂದೆ ಉತ್ತಮ ಚೋಳನಾಗುವ ಮಧುರಾಂತಕನ ವಿಷಯ. ಕಾದಂಬರಿಯಲ್ಲಿ ಮಧುರಾಂತಕರು ಇಬ್ಬರು. ಹಿರಿಯ ರಾಣಿ ಸೆಂಬಿಯನ್ ಮಾದೇವಿಯ ಮಗನೆಂದು ಅರಮನೆಯಲ್ಲಿ ಬೆಳೆದು ಸಿಂಹಾಸನಕ್ಕೆ ಆಸೆಪಡುವವನು ನಿಜಕ್ಕೂ ಮಂದಾಕಿನಿಯ ಮಗ, ನಂದಿನಿಯ ಅವಳಿ ಸೋದರ. ಹುಟ್ಟಿದಾಗಲೇ ಬದಲಾದ ನಿಜವಾದ ರಾಜಕುಮಾರ ತಂಜಾವೂರಿನ ಹೂವಾಡಿಗರ ಮನೆಯಲ್ಲಿ ಶಿವಭಕ್ತ ಸೇಂದನ್ ಅಮುದನ್ ಆಗಿ ಬೆಳೆದಿದ್ದಾನೆ. ಪಟ್ಟಾಭಿಷೇಕದ ದಿನ ಅರುಳ್‌ಮೊಳಿ ತನ್ನ ತಲೆಗೆ ಬರಬೇಕಾದ ಕಿರೀಟವನ್ನು ಅವನ ತಲೆಗಿಡುತ್ತಾನೆ. ಮೇಲುನೋಟಕ್ಕೆ ಇದು ಹಳೆಯ ನಾಟಕ ಕಂಪನಿಗಳ ಮಗು ಬದಲಾಯಿಸುವ ತಂತ್ರ. ಚಿತ್ರಕಥೆಗಾರರು ಇದನ್ನು ಕೈಬಿಟ್ಟದ್ದು ಇಂದಿನ ನೋಡುಗ ನಗಬಹುದೆಂಬ ಅಳುಕಿನಿಂದಲೇ ಇರಬೇಕು. ಕಲ್ಕಿ ಬರೆಯುತ್ತಿದ್ದ ಕಾಲದ ಇತಿಹಾಸದ ಜಗಳವನ್ನು ಪಕ್ಕದಲ್ಲಿಟ್ಟು ನೋಡಿದರೆ ತಂತ್ರದ ಕೆಲಸ ಬೇರೆಯೇ ಎಂದು ಕಾಣುತ್ತದೆ. ಕೆ.ಎ. ನೀಲಕಂಠ ಶಾಸ್ತ್ರಿಗಳು 1930ರ ದಶಕದ ತಮ್ಮ ಚೋಳ ಚರಿತ್ರೆಯಲ್ಲಿ ಕರಿಕಾಲನ ಕೊಲೆಯ ಹಿಂದೆ ಉತ್ತಮ ಚೋಳನ ಕೈಯಿರಬಹುದೆಂದು ಶಂಕಿಸಿದ್ದರು. ಇನ್ನೊಬ್ಬ ಇತಿಹಾಸಕಾರ ಸದಾಶಿವ ಪಂಡಾರತ್ತಾರ್ ಅದನ್ನು ಒಪ್ಪಲಿಲ್ಲ. ಹಾಗಿದ್ದರೆ ಅರುಳ್‌ಮೊಳಿ ಅವನಿಗೆ ಸಿಂಹಾಸನ ಬಿಟ್ಟುಕೊಡುತ್ತಿದ್ದನೇ ಎಂಬ ದಿಕ್ಕಿನದು ಅವರ ವಾದ. ಒಂದೇ ಹೆಸರಿನಲ್ಲಿ ಇಬ್ಬರು ಮನುಷ್ಯರು: ಸಂಚಿನ ನೆರಳಲ್ಲಿ ನಿಂತವನೊಬ್ಬ, ಏನೂ ಅರಿಯದೆ ಹೂ ಕಟ್ಟುವವನೊಬ್ಬ. ಕಲ್ಕಿ ಉತ್ತಮ ಚೋಳನನ್ನು ಎರಡಾಗಿ ಸೀಳಿ ಇಬ್ಬರು ವಿದ್ವಾಂಸರ ವಾದಕ್ಕೂ ಕಥೆಯಲ್ಲಿ ಜಾಗ ಮಾಡಿಕೊಟ್ಟರು. ಅರುಳ್‌ಮೊಳಿಯ ತ್ಯಾಗಕ್ಕೂ ಇದರಿಂದಲೇ ನೆಲೆ ಸಿಗುತ್ತದೆ. ಆಸೆಬುರುಕನಿಗೆ ಕಿರೀಟ ಕೊಟ್ಟರೆ ಅದು ದುರ್ಬಲನ ರಾಜಿ; ಕೇಳದವನಿಗೆ ಕೊಟ್ಟರೆ ತ್ಯಾಗ. ಕೊನೆಯ ಸಂಪುಟದ ಹೆಸರು ತ್ಯಾಗಶಿಖರ.

ಚಿತ್ರದಲ್ಲಿ ಮಧುರಾಂತಕ ಒಬ್ಬನೇ, ರಹಮಾನ್ ನಟಿಸಿದವನು. ಮೊದಲ ಭಾಗದುದ್ದಕ್ಕೂ ಸಿಂಹಾಸನಕ್ಕಾಗಿ ಸಂಚು ಮಾಡಿದವನೇ ಎರಡನೆಯ ಭಾಗದ ಕೊನೆಗೆ ಅರುಳ್‌ಮೊಳಿಯ ಕೈಯಿಂದ ಕಿರೀಟ ಪಡೆಯಬೇಕು. ಹಾಗೆ ಪಡೆಯಲು ಅವನ ಮನಸ್ಸು ತಿರುಗಬೇಕು, ಒಡೆದ ಚೋಳ ಮನೆತನ ಒಂದಾಗಬೇಕು, ಸರದಾರರು ಹಳೆಯ ಹಗೆ ಮರೆಯಬೇಕು. ಕಾದಂಬರಿಯಲ್ಲಿ ಈ ಕೆಲಸವನ್ನೆಲ್ಲ ಒಂದು ರಹಸ್ಯ ಬಯಲಾಗುವುದು ಮಾಡಿಕೊಡುತ್ತದೆ. ರಹಸ್ಯವನ್ನು ತೆಗೆದುಹಾಕಿದ ಚಿತ್ರಕ್ಕೆ ಅದೇ ಕೆಲಸಕ್ಕೆ ಬೇರೆ ಸಾಧನ ಬೇಕಾಯಿತು. ಮನೆಯೊಳಗಿನ ಜಗಳ ನಿಲ್ಲಿಸಲು ಸಿನಿಮಾಕ್ಕೆ ಗೊತ್ತಿರುವ ಸುಲಭ ದಾರಿ ಬಾಗಿಲ ಹೊರಗೆ ಸೈನ್ಯವೊಂದನ್ನು ನಿಲ್ಲಿಸುವುದು. ಹೀಗೆ ಬಂದ ಸೈನ್ಯ ಬಾಬು ಆಂಟನಿ ಅಭಿನಯಿಸಿದ ರಾಷ್ಟ್ರಕೂಟ ದೊರೆ ಕೊಟ್ಟಿಗನದು. ಕೊನೆಯ ಮಹಾಯುದ್ಧ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಕರಿಕಾಲನ ಗೆಳೆಯ ಪಾರ್ಥಿಬೇಂದ್ರ ಕಲ್ಕಿಯಲ್ಲಿ ಮನಸ್ಸು ಕೆಡಿಸಿಕೊಳ್ಳುವುದುಂಟು, ಆದರೆ ಅವನ ಕಥೆ ಚಿತ್ರದಲ್ಲಾದಂತೆ ಮಾನ್ಯಖೇಟದ ಪಡೆಯ ಕಡೆಗೆ ಸಾಗುವುದಿಲ್ಲ. ಅಂದರೆ ಈ ಸಮರ ಮೇಲೆ ಅಂಟಿಸಿದ ಅಲಂಕಾರವಲ್ಲ. ಮಗು ಬದಲಾದ ಕಥೆಯನ್ನು ಕಿತ್ತ ಜಾಗದಲ್ಲಿ ಹಾಕಿದ ತೇಪೆ. ಜಗತ್ತಿನ ಬೇರೆಡೆಯೂ ಅದ್ಭುತಕಥೆಗಳ ಎರಡನೆಯ ಚಿತ್ರಗಳು ಈ ದಾರಿ ಹಿಡಿದಿವೆ. ಸಿ.ಎಸ್. ಲೂಯಿಸ್ ಅವರ 1951ರ 'ಪ್ರಿನ್ಸ್ ಕ್ಯಾಸ್ಪಿಯನ್' 2008ರಲ್ಲಿ ನಾರ್ನಿಯಾ ಸರಣಿಯ ಎರಡನೆಯ ಚಿತ್ರವಾದಾಗ, ಪುಸ್ತಕದಲ್ಲಿಲ್ಲದ ಒಂದು ರಾತ್ರಿದಾಳಿಯನ್ನು ಮಿರಾಜ್‌ನ ಕೋಟೆಯ ಮೇಲೆ ನಡೆಸಲಾಯಿತು. ಮುಂದುವರಿದ ಭಾಗವೆಂದರೆ ಮೊದಲಿನದಕ್ಕಿಂತ ದೊಡ್ಡ ಕಾಳಗ ಎಂಬ ಎಣಿಕೆ ಉದ್ಯಮದಲ್ಲಿ ಬೇರೂರಿದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇತಿಹಾಸದ ಹೆಸರಿನಲ್ಲಿ ಬರುತ್ತದೆ: ಹತ್ತನೆಯ ಶತಮಾನದಲ್ಲಿ ಚೋಳರಿಗೆ ರಾಷ್ಟ್ರಕೂಟರೇ ದೊಡ್ಡ ವೈರಿಗಳಾಗಿದ್ದರು, ಹಾಗಾಗಿ ಚಿತ್ರ ಕಾದಂಬರಿಗಿಂತ ಇತಿಹಾಸಕ್ಕೆ ಹತ್ತಿರವಾಗಿದೆ. ವೈರ ನಿಜ. 949ರ ತಕ್ಕೋಲ ಕಾಳಗದಲ್ಲಿ ಮೂರನೆಯ ಕೃಷ್ಣ ಚೋಳರ ಬೆನ್ನೆಲುಬು ಮುರಿದ; ತೊಂಡೈಮಂಡಲ ಬಹುಕಾಲ ಅವನ ಕೈಯಲ್ಲಿತ್ತು. ಆದರೆ ಕೃಷ್ಣ ಸತ್ತದ್ದು 967ರಲ್ಲಿ. ಅವನ ತಮ್ಮ ಕೊಟ್ಟಿಗನ ಕಾಲಕ್ಕೆ ಇಳಿಗಾಲ ಶುರುವಾಗಿತ್ತು. 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನೇ ಸೂರೆಮಾಡಿದ, ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಗೆ ತೆರೆ ಎಳೆದ. ಬಡಗಣದಿಂದ ಬರುವ ಬೆಂಕಿಯಲ್ಲಿ ಮನೆ ಉಳಿಸಿಕೊಳ್ಳಲಾಗದ ಅರಸನನ್ನು ತಂಜಾವೂರಿನ ಅಳಿವು–ಉಳಿವು ನಿರ್ಧರಿಸುವ ಶತ್ರುವಾಗಿ ತೋರಿಸುವುದು ಇತಿಹಾಸಕ್ಕೆ ಹತ್ತಿರವಾದದ್ದಲ್ಲ. ಕಲ್ಕಿಯಾದರೂ ಇತಿಹಾಸವನ್ನು ಎಳೆದಾಡಲಿಲ್ಲವೇ ಎಂದು ಮರುಪ್ರಶ್ನೆ ಹಾಕಬಹುದು. ಎಳೆದಾಡಿದ್ದಾರೆ. ಜ್ವರ ಹಿಡಿದ ಅರುಳ್‌ಮೊಳಿ ಚೇತರಿಸಿಕೊಳ್ಳುವ ನಾಗಪಟ್ಟಣದ ಚೂಡಾಮಣಿ ವಿಹಾರ ಶ್ರೀವಿಜಯದ ದೊರೆಯ ಹೆಸರಿನಲ್ಲಿ ನಿಂತದ್ದು ರಾಜರಾಜನ ಆಳ್ವಿಕೆಯಲ್ಲಿ, 1006ರ ಆಸುಪಾಸಿನಲ್ಲಿ. ಕಲ್ಕಿ ಅದನ್ನು ಮೂರು ದಶಕಕ್ಕೂ ಹೆಚ್ಚು ಹಿಂದಕ್ಕೆ ತಂದರು. ಮೂಲವನ್ನು ಬದಲಿಸುವ ಹಕ್ಕು ಕಾದಂಬರಿಕಾರನಿಗೆ ಇದ್ದಂತೆ ನಿರ್ದೇಶಕನಿಗೂ ಇದೆ. ಕೇಳಬೇಕಾದದ್ದು ಬದಲಾವಣೆ ಕಥೆಗೆ ಏನು ಕೊಟ್ಟಿತು ಎಂದು. ವಿಹಾರ ಕಾದಂಬರಿಗೆ ಬೌದ್ಧ ಭಿಕ್ಷುಗಳ ಒಂದು ಲೋಕವನ್ನೇ ಕೊಟ್ಟಿತು. ಕೊಟ್ಟಿಗನ ಯುದ್ಧ ಚಿತ್ರಕ್ಕೆ ಕೊಟ್ಟದ್ದು ಧೂಳು, ಆನೆ, ಮತ್ತು ಯಾವ ನೋಡುಗನಿಗೂ ಸಂಶಯ ಉಳಿಯದ ಗೆಲುವು.

ಕನ್ನಡದ ಕಡೆಯಿಂದ ಬರುವ ಇನ್ನೊಂದು ದೂರು ಇದೆ: ತಮಿಳು ಚಿತ್ರಗಳು ಕನ್ನಡ ಅರಸರನ್ನು ಖಳರಾಗಿಸುತ್ತವೆ. ಈ ವಾದ ಹೆಚ್ಚು ದೂರ ನಡೆಯದು. 1975ರ 'ಮಯೂರ'ದಲ್ಲಿ ಕಂಚಿಯ ಪಲ್ಲವರು ಯಾವ ಪಾತ್ರ ವಹಿಸಿದರೆಂಬುದು ಕನ್ನಡಿಗರಿಗೆ ನೆನಪಿದೆ. ದೇವುಡು ಅವರ ಕಾದಂಬರಿಯಿಂದ ಬಂದ ಆ ಚಿತ್ರಕ್ಕೆ ಕೆಲಮಂಗಲದ ತಮಿಳು ಮನೆಯವರು ಸಿಟ್ಟಾಗಬೇಕಾಗಿಲ್ಲವೆಂದರೆ, ಇದಕ್ಕೆ ಕನ್ನಡ ಮನೆಯವರೂ ಆಗಬೇಕಾಗಿಲ್ಲ. ಕಲ್ಕಿ ಕೂಡ ಕನ್ನಡ ದೊರೆಗಳನ್ನು ಮುಟ್ಟದೆ ಬಿಟ್ಟವರಲ್ಲ. 1940ರ ದಶಕದ 'ಶಿವಕಾಮಿಯಿನ್ ಶಪಥಂ' ಬಾದಾಮಿಯ ಪುಲಿಕೇಶಿಯ ಕಂಚಿ ದಾಳಿಯಿಂದ ಹಿಡಿದು ವಾತಾಪಿ ಉರಿಯುವವರೆಗಿನ ಕಥೆ. ಅಲ್ಲಿ ಶತ್ರು ಹೊರಗಿನವನೇ. ಈ ಸಂಗತಿ ಚಿತ್ರದ ಪರ ವಾದಿಸುವವರ ಕೈ ಬಲಪಡಿಸುತ್ತದೆ ಎಂದು ತೋರಬಹುದು, ಆದರೆ ಪರಿಣಾಮ ಉಲ್ಟಾ. ಹೊರಗಿನ ಶತ್ರುವಿನ ಕಥೆಯನ್ನು ಒಮ್ಮೆ ಬರೆದು ಮುಗಿಸಿ, ಅದರ ರುಚಿಯೂ ಮಾರುಕಟ್ಟೆಯೂ ಗೊತ್ತಿದ್ದ ಲೇಖಕ 1950ರಲ್ಲಿ ಅದನ್ನು ಬೇಕೆಂದೇ ಬದಿಗಿಟ್ಟು, ಒಳಗಿನಿಂದ ಒಡೆಯುವ ರಾಜ್ಯದ ಕಥೆಗೆ ಕೈಹಾಕಿದರು. ಪೊನ್ನಿಯಿನ್ ಸೆಲ್ವನ್‌ನಲ್ಲಿ ರಾಷ್ಟ್ರಕೂಟರು ಇರುವುದು ಹಿನ್ನೆಲೆಯ ನೆನಪಾಗಿ. ಆ ನೆನಪು ಮೊದಲ ಅಧ್ಯಾಯದಲ್ಲೇ ನೀರಾಗಿ ನಿಂತಿದೆ: ವಂದಿಯದೇವ ಆಷಾಢದ ಹಬ್ಬದ ದಿನ ಕುದುರೆ ಏರಿ ಬರುವ ವೀರನಾರಾಯಣ ಕೆರೆಯನ್ನು ಕಟ್ಟಿಸಿದವನು ಬಡಗಣ ದಂಡಯಾತ್ರೆಯನ್ನು ಎದುರುನೋಡುತ್ತ ಬೀಡುಬಿಟ್ಟಿದ್ದ ರಾಜಕುಮಾರ ರಾಜಾದಿತ್ಯ. 74 ತೂಬುಗಳ ಆ ಏರಿಯ ಮೇಲೆ ಹಬ್ಬದ ಜನ ಬುತ್ತಿ ಬಿಚ್ಚಿ ಕೂತಿದ್ದಾರೆ. ಯುದ್ಧಕ್ಕೆ ಬಂದ ಸೈನಿಕರ ತೋಳು ಬರಗಾಲ ನೀಗಿಸಿದ್ದನ್ನು ತೋರಿಸಿಯೇ ಕಲ್ಕಿ ಕಥೆ ಶುರುಮಾಡುತ್ತಾರೆ. ಕೆರೆಗಳನ್ನೇ ನಂಬಿ ಬದುಕಿದ ಕೆಲಮಂಗಲದ ಸೀಮೆಯ ಓದುಗನಿಗೆ ಆ ಅಧ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಮಣಿರತ್ನಂ ಅವರ ಮೊದಲ ಭಾಗ ತೆರೆದುಕೊಳ್ಳುವಾಗಲೇ ಬರುವುದು ರಾಷ್ಟ್ರಕೂಟರೊಡನೆ ಕರಿಕಾಲನ ಕಾಳಗ. ಎರಡನೆಯದು ಅಂಥದೇ ಕಾಳಗದಲ್ಲಿ ಮುಗಿಯುತ್ತದೆ. ಎರಡು ಯುದ್ಧಗಳ ನಡುವೆ ಕಾದಂಬರಿ ಸಿಕ್ಕಿಕೊಂಡಿದೆ.

ಪ್ರಶ್ನೆ ತೆರೆದಿಡುವುದು ಪುಸ್ತಕಕ್ಕೆ ಸರಿ, ಹಣ ಕೊಟ್ಟು ಬಂದ ನೋಡುಗ ಉತ್ತರ ಕೇಳುತ್ತಾನೆ ಎಂಬ ಮಾತನ್ನೂ ಹಗುರವಾಗಿ ತಳ್ಳುವಂತಿಲ್ಲ. ವಾರವಾರ ಪತ್ರಿಕೆಗೆ ಕಾದ ಓದುಗರೂ ಹಣ ಕೊಟ್ಟವರೇ, ಉತ್ತರಕ್ಕಾಗಿ ಕಾದವರೇ. ಮೂರೂವರೆ ವರ್ಷ ಕಾಯಿಸಿಯೂ ಕಲ್ಕಿ ಅವರಿಗೆ ಕೊಲೆಗಾರನ ಹೆಸರು ಕೊಡಲಿಲ್ಲ. ಜನ ಪುಸ್ತಕವನ್ನು ಬಿಸಾಡಲಿಲ್ಲ, ಇಂದಿಗೂ ವಾದಿಸುತ್ತಿದ್ದಾರೆ. ಚೋಳರ ಕಾಲದ ಕಲ್ಲು–ತಾಮ್ರದ ಬರಹಗಳೂ ಹೀಗೆಯೇ ಒಂದರ ಮಾತು ಇನ್ನೊಂದಕ್ಕೆ ಕೂಡುವುದಿಲ್ಲ. ತಕ್ಕೋಲದಲ್ಲಿ ರಾಜಾದಿತ್ಯನನ್ನು ಕೊಂದವರು ಯಾರು? ಚೂಡಾಮಣಿ ವಿಹಾರಕ್ಕೆ ಆನೈಮಂಗಲವನ್ನು ದತ್ತಿ ಬಿಟ್ಟದ್ದನ್ನು ಹೇಳುವ ಚೋಳರ ಲೈಡನ್ ತಾಮ್ರಪಟಗಳ ಪ್ರಕಾರ ಆನೆಯ ಮೇಲಿದ್ದ ರಾಜಕುಮಾರನ ಎದೆಗೆ ನಾಟಿದ್ದು ಕೃಷ್ಣರಾಜನ ಬಾಣ. ಮಂಡ್ಯ ಜಿಲ್ಲೆಯ ಆತಕೂರಿನ ಕನ್ನಡ ಶಾಸನದ ಪ್ರಕಾರ ಕೊಂದವನು ಕೃಷ್ಣನ ಭಾವಮೈದುನ, ಗಂಗರ ಬೂತುಗ. ಅದೂ ಆ ಶಾಸನ ನೆಟ್ಟದ್ದು ರಾಜರಿಗಾಗಿಯಲ್ಲ. ಬೂತುಗನ ಕಡೆಯ ವೀರ ಮಣಲೇರ ತಾನು ಮೆಚ್ಚಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ, ಹಂದಿಯನ್ನೂ ಕೊಂದು ತಾನೂ ಸತ್ತಾಗ ಅದರ ನೆನಪಿಗೆ. ಕಲ್ಲಿನ ಮೇಲೆ ಹಂದಿಯ ಮೇಲೆರಗಿದ ಆ ನಾಯಿಯ ಚಿತ್ರವಿದೆ. ಒಂದು ಸಾಮ್ರಾಜ್ಯದ ಸೋಲು ಮತ್ತು ಒಂದು ಬೇಟೆನಾಯಿಯ ಸಾವು ಒಂದೇ ಕಲ್ಲಿನಲ್ಲಿ ಪಕ್ಕಪಕ್ಕ ಕೂತಿರುವ ಈ ಲೋಕಕ್ಕೆ ಕಲ್ಕಿಯ ಕಾದಂಬರಿ ಹೊಂದುತ್ತದೆ. ದೊಡ್ಡ ಸಂಗತಿಯ ಪಕ್ಕದಲ್ಲಿ ಮಣಿಮೇಕಲೆಯ ಹುಚ್ಚು, ಸೇಂದನ್ ಅಮುದನ ಹೂಬುಟ್ಟಿ, ಅಂಬಿಗರ ಹುಡುಗಿ ಪೂಂಗುಳಲಿಯ ದೋಣಿ ಅಲ್ಲಿ ಸಮನಾಗಿ ಜಾಗ ಪಡೆದಿವೆ. ಎರಡು ಸೈನ್ಯಗಳ ನಡುವೆ ಗೆರೆ ಎಳೆದ ಚಿತ್ರದ ಕೊನೆಯ ಅರ್ಧಗಂಟೆಗೆ ಹೊಂದುವುದಿಲ್ಲ.

ಒಟ್ಟಿನಲ್ಲಿ ಮೊದಲ ಭಾಗ ಮೂಲದ ಒಳ್ಳೆಯ ರೂಪಾಂತರ; 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತಮಿಳು ಚಿತ್ರವೆನಿಸಿದ್ದೂ ಅದೇ. ಎರಡನೆಯ ಭಾಗ ಕಡಂಬೂರಿನ ಕೋಣೆಯವರೆಗೆ ಮೂಲಕ್ಕಿಂತ ಬೇರೆಯಾಗಿಯೂ ಮೂಲದಷ್ಟೇ ಬಲವಾದ ಚಿತ್ರ, ಅಲ್ಲಿಂದ ಮುಂದೆ ಸಾಧಾರಣ ಯುದ್ಧಚಿತ್ರ. ಚಿತ್ರ ನೋಡಿ ಕಥೆ ಮುಗಿಯಿತೆಂದುಕೊಂಡವರು ಕಾದಂಬರಿಯ ಐದನೆಯ ಸಂಪುಟವೊಂದನ್ನಾದರೂ ಓದಬೇಕು. ಕಲ್ಕಿಯ ಕೃತಿಗಳನ್ನು ತಮಿಳುನಾಡು ಸರ್ಕಾರ ರಾಷ್ಟ್ರೀಕರಣ ಮಾಡಿರುವುದರಿಂದ ಅಗ್ಗದ ಪ್ರತಿಗಳಿಗೆ ಕೊರತೆಯಿಲ್ಲ. ಆತಕೂರಿನ ಕಲ್ಲನ್ನು ನೋಡಬೇಕೆನಿಸಿದವರು ತಕ್ಕೋಲಕ್ಕೂ ತಂಜಾವೂರಿಗೂ ಹೋಗಬೇಕಾಗಿಲ್ಲ. ಅದು ಹೊಸೂರಿನಿಂದ ಒಂದು ಬಸ್ಸಿನ ದೂರದಲ್ಲಿರುವ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.